ಜಾರ್ಜ್ ಸ್ಯಾಫರ್ಡ್ ಪಾರ್ಕರ್

ಜಾರ್ಜ್ ಸ್ಯಾಫರ್ಡ್ ಪಾರ್ಕರ್ (ನವೆಂಬರ್ ೧, ೧೮೬೩ – ಜುಲೈ ೧೯, ೧೯೩೭) ಅಮೆರಿಕ ಸಂಯುಕ್ತ ಸಂಸ್ಥಾನದ ಸಂಶೋಧಕರು, ಉದ್ಯಮಿ ಹಾಗೂ ಪಾರ್ಕರ್ ಪೆನ್ ಕಂಪನಿಯ ಸ್ಥಾಪಕರು. ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಪಟ್ಟಣದ ತಂತಿ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರು ಅಲ್ಪ ಸಂಬಳಕ್ಕೆ ಪೂರಕವಾಗಿ ವಿದ್ಯಾರ್ಥಿಗಳಿಗೆ ಫೌಂಟನ್ ಪೆನ್ನುಗಳನ್ನು ಮಾರುತ್ತಿದ್ದರು. ಆ ಪೆನ್ನುಗಳು ಸೋರತೊಡಗಿದಾಗ ಅವುಗಳನ್ನು ಸರಿಪಡಿಸಿಕೊಡುವ ಹೊಣೆಯನ್ನು ತಾವೇ ಹೊತ್ತುಕೊಂಡರು. ಆ ರಿಪೇರಿ ಕೆಲಸದಿಂದ ದೊರೆತ ತಿಳಿವಳಿಕೆಯೇ ಅವರನ್ನು ಸ್ವಂತ ಪೆನ್ನಿನ ರಚನೆಗೆ ತೊಡಗಿಸಿತು. ಲಕಿ ಕರ್ವ್, ಡ್ಯುಯೊಫೋಲ್ಡ್, ವ್ಯಾಕ್ಯುಮ್ಯಾಟಿಕ್ ಮುಂತಾದ ಪೆನ್ನುಗಳೂ ಕ್ವಿಂಕ್ ಎಂಬ ಶಾಯಿಯೂ ಅವರ ಜೀವಿತಕಾಲದಲ್ಲಿ ಅವರ ಸಂಸ್ಥೆಯಿಂದ ಹೊರಬಂದವು. ಇಂದು ಪ್ರಪಂಚದಾದ್ಯಂತ ಹಳೆಯ ಪೆನ್ನುಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಅವರ ಕಾಲದ ಪೆನ್ನುಗಳಿಗೆ ವಿಶೇಷ ಸ್ಥಾನ ನೀಡುತ್ತಾರೆ.

## ಜನನ ಮತ್ತು ವಿದ್ಯಾಭ್ಯಾಸ

ಪಾರ್ಕರ್ ಅವರು ೧೮೬೩ರ ನವೆಂಬರ್ ೧ರಂದು ವಿಸ್ಕಾನ್ಸಿನ್ ರಾಜ್ಯದ ಷಲ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಈ ಊರು ಸೀಸದ ಗಣಿಗಳಿಗೆ ಹೆಸರಾದ ಪ್ರದೇಶದಲ್ಲಿದೆ. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅವರ ಬಾಲ್ಯ ಕಳೆದದ್ದು ನೆರೆಯ ಅಯೋವಾ ರಾಜ್ಯದ ಫೇಯೆಟ್ ಊರಿನ ಬಳಿಯ ಕೃಷಿ ಪರಿಸರದಲ್ಲಿ. ಅದೇ ಊರಿನಲ್ಲಿದ್ದ ಅಪ್ಪರ್ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಅವರು ಕೆಲಕಾಲ ವ್ಯಾಸಂಗ ಮಾಡಿದರು.

ಬೇಸಾಯದ ಬದುಕಿನಲ್ಲಿ ನೆಲೆಗೊಳ್ಳುವುದಕ್ಕಿಂತ ಹೊರಗೆ ಹೋಗಿ ಊರುಗಳನ್ನು ನೋಡಬೇಕೆಂಬ ಹಂಬಲ ತರುಣ ಪಾರ್ಕರ್ ಅವರಲ್ಲಿ ಹೆಚ್ಚಾಗಿತ್ತು. ೧೮೮೦ರ ದಶಕದಲ್ಲಿ ಅಂಥ ಯುವಕರಿಗೆ ತೆರೆದಿದ್ದ ಒಂದು ದಾರಿಯೆಂದರೆ ರೈಲ್ವೆಯ ತಂತಿ ಇಲಾಖೆ. ಅಮೆರಿಕದ ರೈಲು ಮಾರ್ಗಗಳು ಪಶ್ಚಿಮದ ಕಡೆಗೆ ವೇಗವಾಗಿ ಹಬ್ಬುತ್ತಿದ್ದವು. ಪ್ರತಿಯೊಂದು ನಿಲ್ದಾಣಕ್ಕೂ ತಂತಿ ಸಂದೇಶಗಳನ್ನು ಕಳುಹಿಸಬಲ್ಲ ಮತ್ತು ಬರೆದುಕೊಳ್ಳಬಲ್ಲ ಸಿಬ್ಬಂದಿ ಬೇಕಾಗುತ್ತಿತ್ತು. ಈ ವಿದ್ಯೆಯನ್ನು ಕಲಿಸುವ ಶಾಲೆಗಳಲ್ಲಿ ಜೇನ್ಸ್‌ವಿಲ್ ಪಟ್ಟಣದ ವ್ಯಾಲಂಟೈನ್ ತಂತಿ ಶಾಲೆಯೂ ಒಂದು. ರಾಕ್ ನದಿಯ ದಡದಲ್ಲಿರುವ ಈ ಪಟ್ಟಣಕ್ಕೆ ಪಾರ್ಕರ್ ಬಂದದ್ದು ಈ ಶಾಲೆಗಾಗಿಯೇ. ಮುಂದೆ ಅವರ ಬದುಕಿನ ಉಳಿದ ಭಾಗವೆಲ್ಲ ಇದೇ ಪಟ್ಟಣದೊಂದಿಗೆ ಬೆಸೆದುಕೊಂಡಿತು.

ತರಬೇತಿ ಮುಗಿದ ಮೇಲೆ ಅವರು ಅಲ್ಪಕಾಲ ರೈಲ್ವೆಯಲ್ಲಿ ತಂತಿ ಕೆಲಸ ಮಾಡಿದರು. ಅನಂತರ ತಾವು ಕಲಿತ ಶಾಲೆಗೇ ಅಧ್ಯಾಪಕರಾಗಿ ಹಿಂದಿರುಗಿದರು.

## ಆ ಕಾಲದ ಫೌಂಟನ್ ಪೆನ್ನು

ಪಾರ್ಕರ್ ಅವರ ಸಾಧನೆಯನ್ನು ಅರಿಯಲು ಆ ಕಾಲದ ಫೌಂಟನ್ ಪೆನ್ನಿನ ಸ್ಥಿತಿಯನ್ನು ತಿಳಿಯುವುದು ಅಗತ್ಯ. ೧೯ನೆಯ ಶತಮಾನದ ಬಹುಪಾಲು ಜನ ಉಕ್ಕಿನ ನಿಬ್ಬನ್ನು ಮರದ ಹಿಡಿಗೆ ಸಿಕ್ಕಿಸಿ, ಶಾಯಿಕುಡಿಕೆಯಲ್ಲಿ ಅದ್ದಿ ಬರೆಯುತ್ತಿದ್ದರು. ಕೆಲವು ಪದಗಳಿಗೊಮ್ಮೆ ಕೈ ಕುಡಿಕೆಯ ಕಡೆಗೆ ಹೋಗಲೇಬೇಕಾಗಿತ್ತು. ಶಾಯಿಯನ್ನು ತನ್ನೊಳಗೇ ತುಂಬಿಕೊಳ್ಳುವ ಲೇಖನಿಯನ್ನು ಮಾಡಲು ಅನೇಕರು ಪ್ರಯತ್ನಿಸಿದ್ದರು. ೧೮೮೪ರಲ್ಲಿ ನ್ಯೂಯಾರ್ಕಿನ ಲೂಯಿಸ್ ಎಡ್ಸನ್ ವಾಟರ್‌ಮನ್ ಅವರು ಪಡೆದ ಪೇಟೆಂಟ್ ಈ ದಿಕ್ಕಿನಲ್ಲಿ ಮಹತ್ವದ ಹೆಜ್ಜೆಯಾಯಿತು. ಆದರೂ ಮಾರುಕಟ್ಟೆಯಲ್ಲಿದ್ದ ಹೆಚ್ಚಿನ ಫೌಂಟನ್ ಪೆನ್ನುಗಳು ನಂಬಿಕೆಗೆ ಅರ್ಹವಾಗಿರಲಿಲ್ಲ.

ಇದಕ್ಕೆ ಕಾರಣ ಪೆನ್ನಿನ ಒಳಗಿನ ಗಾಳಿ ಮತ್ತು ಶಾಯಿಯ ಸಂಬಂಧದಲ್ಲಿದೆ. ಪೆನ್ನಿನ ಒಡಲಿನಿಂದ ಶಾಯಿ ಹೊರಗೆ ಹರಿದಷ್ಟೂ ಅದರ ಸ್ಥಾನಕ್ಕೆ ಗಾಳಿ ಒಳಗೆ ಬರಬೇಕು. ಗಾಳಿ ಬರದಿದ್ದರೆ ಶಾಯಿ ನಿಂತುಹೋಗುತ್ತದೆ, ಹೆಚ್ಚಾಗಿ ಬಂದರೆ ಶಾಯಿ ತೊಟ್ಟಿಕ್ಕುತ್ತದೆ. ಇದಲ್ಲದೆ ಕೈಯ ಅಥವಾ ಮೈಯ ಬಿಸಿ ತಗುಲಿದಾಗ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರಕ್ಕೆ ದೂಡುತ್ತದೆ. ಈ ಏರುಪೇರನ್ನು ನಿಯಂತ್ರಿಸುವುದು ನಿಬ್ಬಿನ ಕೆಳಗೆ ಅಂಟಿಕೊಂಡಿರುವ, ಸಣ್ಣ ಕಾಲುವೆಗಳನ್ನು ಕೊರೆದ ಕಡ್ಡಿಯಂಥ ಭಾಗ. ಇದನ್ನು ಪೆನ್ನಿನ ನಾಲಿಗೆ ಎನ್ನಬಹುದು. ನಾಲಿಗೆಯ ರಚನೆ ಸರಿಯಿದ್ದರೆ ಪೆನ್ನು ಬರೆಯುತ್ತದೆ, ತಪ್ಪಿದರೆ ಎಷ್ಟೇ ಒಳ್ಳೆಯ ಚಿನ್ನದ ನಿಬ್ಬಿದ್ದರೂ ಪ್ರಯೋಜನವಿಲ್ಲ.

## ತಂತಿ ಶಾಲೆಯ ಅಧ್ಯಾಪಕ

ತಂತಿ ಶಾಲೆಯ ಸಂಬಳ ಹೆಚ್ಚಿನದಾಗಿರಲಿಲ್ಲ. ಆದ್ದರಿಂದ ಪಾರ್ಕರ್ ಅವರು ಓಹಿಯೋ ರಾಜ್ಯದ ಸಿನ್ಸಿನಾಟಿ ನಗರದಲ್ಲಿದ್ದ ಜಾನ್ ಹಾಲಂಡ್ ಕಂಪನಿಯ ಪೆನ್ನುಗಳ ಏಜೆನ್ಸಿಯನ್ನು ತೆಗೆದುಕೊಂಡರು. ಗಿರಾಕಿಗಳಿಗಾಗಿ ಅವರು ದೂರ ಹೋಗಬೇಕಾಗಿರಲಿಲ್ಲ. ತಂತಿ ಯಂತ್ರದ ಟಕಟಕ ಶಬ್ದವನ್ನು ಕಿವಿಯಿಂದ ಕೇಳುತ್ತ ಸಂದೇಶವನ್ನು ತಡೆಯಿಲ್ಲದೆ ಬರೆದುಕೊಳ್ಳಬೇಕಾಗಿದ್ದ ವಿದ್ಯಾರ್ಥಿಗಳಿಗೆ, ಶಾಯಿಕುಡಿಕೆಯ ಕಡೆಗೆ ಕೈ ಚಾಚುವ ಅಗತ್ಯವಿಲ್ಲದ ಲೇಖನಿ ತುಂಬ ಉಪಯುಕ್ತವಾಗಿತ್ತು. ಅವರಲ್ಲಿ ಅನೇಕರು ತಮ್ಮ ಅಧ್ಯಾಪಕರಿಂದಲೇ ಪೆನ್ನು ಕೊಂಡರು.

ಆದರೆ ಸ್ವಲ್ಪ ಕಾಲದಲ್ಲಿಯೇ ಪೆನ್ನುಗಳು ತೊಂದರೆ ಕೊಡತೊಡಗಿದವು. ಕೆಲವು ಸೋರುತ್ತಿದ್ದವು, ಕೆಲವು ಬರೆಯುತ್ತಿರುವಾಗಲೇ ನಿಲ್ಲುತ್ತಿದ್ದವು. ತಂತಿ ಕೆಲಸದಲ್ಲಿ ಪೆನ್ನು ನಿಂತರೆ ಸಂದೇಶವೇ ತಪ್ಪಿಹೋಗುತ್ತದೆ. ವಿದ್ಯಾರ್ಥಿಗಳು ಪೆನ್ನುಗಳನ್ನು ಹಿಡಿದು ಪಾರ್ಕರ್ ಅವರ ಬಳಿಗೆ ಬಂದರು. ಅವರು ಕೇವಲ ಮಾರಾಟಗಾರರು, ತಯಾರಕರಲ್ಲ. ದೋಷವನ್ನು ಸಿನ್ಸಿನಾಟಿಯ ಕಾರ್ಖಾನೆಗೆ ವರ್ಗಾಯಿಸಿ ಸುಮ್ಮನಿರಲು ಅವರಿಗೆ ಅವಕಾಶವಿತ್ತು. ಆದರೆ ಕೊಂಡವರು ತಮ್ಮ ಶಿಷ್ಯರು, ತಮ್ಮ ಮಾತನ್ನು ನಂಬಿ ಹಣ ಕೊಟ್ಟವರು. ಮರುದಿನ ಅದೇ ತರಗತಿಯಲ್ಲಿ ಅವರ ಮುಖ ನೋಡಿ ಪಾಠ ಹೇಳಬೇಕಾಗಿತ್ತು. ಪಾರ್ಕರ್ ಅವರು ಸಣ್ಣ ಗರಗಸ, ಲೇತ್ ಮುಂತಾದ ಕೆಲವು ಉಪಕರಣಗಳನ್ನು ಕೊಂಡು ಬಿಡುವಿನ ವೇಳೆಯಲ್ಲಿ ತಾವೇ ಪೆನ್ನುಗಳನ್ನು ರಿಪೇರಿ ಮಾಡಿಕೊಡಲು ಆರಂಭಿಸಿದರು.

ಒಂದರ ಹಿಂದೊಂದರಂತೆ ಪೆನ್ನುಗಳನ್ನು ಬಿಚ್ಚಿ ನೋಡಿದಾಗ ದೋಷ ಎಲ್ಲಿದೆ ಎಂಬುದು ಅವರಿಗೆ ಸ್ಪಷ್ಟವಾಯಿತು. ಬಿಡಿ ಪೆನ್ನುಗಳನ್ನು ಸರಿಪಡಿಸುತ್ತ ಹೋಗುವುದಕ್ಕಿಂತ, ಶಾಯಿ ಹರಿಯುವ ಕ್ರಮವನ್ನೇ ಬದಲಿಸಿದ ಹೊಸ ಪೆನ್ನನ್ನು ರಚಿಸುವುದು ಉತ್ತಮವೆಂಬ ನಿರ್ಧಾರಕ್ಕೆ ಅವರು ಬಂದರು. ಔಪಚಾರಿಕ ತಾಂತ್ರಿಕ ಶಿಕ್ಷಣವಿಲ್ಲದ ಅವರಿಗೆ, ಕೆಟ್ಟುಹೋದ ಪೆನ್ನುಗಳೇ ಪಠ್ಯಪುಸ್ತಕಗಳಾದವು.

## ಮೊದಲ ಪೇಟೆಂಟ್ ಮತ್ತು ಕಂಪನಿಯ ಸ್ಥಾಪನೆ

ಪಾರ್ಕರ್ ಸಂಸ್ಥೆಯು ೧೮೮೮ನ್ನು ತನ್ನ ಆರಂಭದ ವರ್ಷವೆಂದು ಪರಿಗಣಿಸುತ್ತದೆ. ೧೮೮೯ರ ಡಿಸೆಂಬರ್ ೧೦ರಂದು ಪಾರ್ಕರ್ ಅವರಿಗೆ ಫೌಂಟನ್ ಪೆನ್ನಿಗೆ ಸಂಬಂಧಿಸಿದ ಮೊದಲ ಪೇಟೆಂಟ್ ದೊರೆಯಿತು. ಆಗ ಅವರಿಗೆ ೨೬ ವರ್ಷ ವಯಸ್ಸು.

ಪೇಟೆಂಟ್ ದೊರೆತರೂ ಕಾರ್ಖಾನೆ ನಡೆಸಲು ಬಂಡವಾಳ ಇರಲಿಲ್ಲ. ೧೮೯೧ರಲ್ಲಿ ಡಬ್ಲ್ಯು. ಎಫ್. ಪಾಮರ್ ಎಂಬ ವಿಮಾ ವ್ಯವಹಾರಸ್ಥರು ೧,೦೦೦ ಡಾಲರ್ ಕೊಟ್ಟು ಪೇಟೆಂಟಿನಲ್ಲಿಯೂ ವ್ಯಾಪಾರದಲ್ಲಿಯೂ ಅರ್ಧ ಪಾಲನ್ನು ಪಡೆದರು. ೧೮೯೨ರ ಮಾರ್ಚ್ ೮ರಂದು ಪಾರ್ಕರ್ ಪೆನ್ ಕಂಪನಿ ವಿಧಿವತ್ತಾಗಿ ನೋಂದಣಿಯಾಯಿತು. ಪಾಮರ್ ಹಣಕಾಸಿನ ಬಲ ಒದಗಿಸಿದರೆ, ಪಾರ್ಕರ್ ರಚನೆ ಮತ್ತು ಮಾರಾಟದ ಹೊಣೆ ಹೊತ್ತರು. ಹೀಗೆ ತಂತಿ ಶಾಲೆಯ ಅಧ್ಯಾಪಕರು ಪೂರ್ಣಾವಧಿಯ ಪೆನ್ನು ತಯಾರಕರಾದರು.

## ಲಕಿ ಕರ್ವ್

ಆ ಕಾಲದ ಪೆನ್ನುಗಳ ಬಗೆಗಿನ ಸಾಮಾನ್ಯ ದೂರು ಬೆರಳಿಗೆ ಶಾಯಿ ಮೆತ್ತಿಕೊಳ್ಳುವುದಾಗಿತ್ತು. ಪೆನ್ನನ್ನು ನಿಬ್ಬು ಮೇಲಾಗುವಂತೆ ಜೇಬಿನಲ್ಲಿ ಇಟ್ಟಾಗಲೂ ನಾಲಿಗೆಯ ಕಾಲುವೆಯಲ್ಲಿ ಸ್ವಲ್ಪ ಶಾಯಿ ಉಳಿದಿರುತ್ತಿತ್ತು. ಮೈಯ ಬಿಸಿಗೆ ಒಡಲಿನ ಗಾಳಿ ಹಿಗ್ಗಿದಾಗ ಆ ಶಾಯಿ ಮುಚ್ಚಳದೊಳಕ್ಕೆ ಚಿಮ್ಮುತ್ತಿತ್ತು. ಮುಚ್ಚಳ ತೆಗೆದು ಬರೆಯಲು ಕುಳಿತವರ ಬೆರಳುಗಳು ಕಪ್ಪಾಗುತ್ತಿದ್ದವು.

೧೮೯೪ರಲ್ಲಿ ಪಾರ್ಕರ್ ಅವರು ಪಡೆದ ಪೇಟೆಂಟ್ ಈ ತೊಂದರೆಗೆ ಸರಳವಾದ ಪರಿಹಾರ ಸೂಚಿಸಿತು. ಅವರು ನಾಲಿಗೆಯ ಹಿಂಬದಿಯನ್ನು ಉದ್ದವಾಗಿಸಿ, ಅದರ ತುದಿ ಒಡಲಿನ ಒಳಗೋಡೆಯನ್ನು ಮುಟ್ಟುವಂತೆ ಬಾಗಿಸಿದರು. ಪೆನ್ನು ನೆಟ್ಟಗೆ ನಿಂತಾಗ ಕಾಲುವೆಯಲ್ಲಿ ಉಳಿದ ಶಾಯಿ ಈ ಬಾಲದ ಮೂಲಕ ಗೋಡೆಗೆ ಹರಿದು ಮತ್ತೆ ಒಡಲನ್ನು ಸೇರುತ್ತಿತ್ತು. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರಲು ಕಾರಣವಾಗುವ ಲೋಮನಾಳ ಕ್ರಿಯೆಯೇ ಇಲ್ಲಿಯೂ ಕೆಲಸ ಮಾಡುತ್ತದೆ. ಕಾಲುವೆ ಬರಿದಾದ ಮೇಲೆ ಹಿಗ್ಗಿದ ಗಾಳಿ ಶಾಯಿಯನ್ನು ದೂಡದೆ ತಾನೊಂದೇ ಹೊರಹೋಗುತ್ತದೆ.

ಈ ರಚನೆಗೆ ಲಕಿ ಕರ್ವ್, ಅಂದರೆ ಅದೃಷ್ಟದ ಬಾಗು, ಎಂಬ ಹೆಸರಿಡಲಾಯಿತು. ಕೊಳ್ಳುವವರಿಗೆ ತೋರಿಸಿ ವಿವರಿಸಬಹುದಾದ ಸ್ಪಷ್ಟವಾದ ಗುಣವೊಂದು ಪಾರ್ಕರ್ ಪೆನ್ನಿಗೆ ದೊರೆಯಿತು. ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಸಂಸ್ಥೆಯ ಜಾಹೀರಾತುಗಳಲ್ಲಿಯೂ ಪೆನ್ನುಗಳ ಮೈಮೇಲೆಯೂ ಈ ಹೆಸರು ಕಾಣಿಸಿಕೊಂಡಿತು. ಸಂಸ್ಥೆ ಆರ್ಥಿಕವಾಗಿ ನೆಲೆಯೂರಲು ಲಕಿ ಕರ್ವ್ ಮುಖ್ಯ ಕಾರಣವಾಯಿತು.

## ಮುಂದಿನ ಸುಧಾರಣೆಗಳು

ಪಾರ್ಕರ್ ಅವರು ಒಂದು ಯಶಸ್ಸಿನಲ್ಲಿ ನಿಲ್ಲಲಿಲ್ಲ. ಪೆನ್ನಿನ ಒಂದೊಂದು ತೊಂದರೆಯನ್ನೂ ಬೇರೆಬೇರೆಯಾಗಿ ಪರಿಶೀಲಿಸಿ ಬಗೆಹರಿಸುವುದು ಅವರ ಕ್ರಮವಾಗಿತ್ತು. ಆರಂಭದ ಪೆನ್ನುಗಳಿಗೆ ಗಾಜಿನ ಪಿಲ್ಲರಿನಿಂದ ತೊಟ್ಟುತೊಟ್ಟಾಗಿ ಶಾಯಿ ತುಂಬಬೇಕಾಗಿತ್ತು. ಅದಕ್ಕಾಗಿ ನಿಬ್ಬಿನ ಭಾಗವನ್ನು ತಿರುಗಿಸಿ ಬಿಚ್ಚಬೇಕಾಗುತ್ತಿತ್ತು, ಮರೆಗಳಿರುವ ಆ ಸಂದಿನಲ್ಲಿ ಶಾಯಿ ಜಿನುಗುತ್ತಿತ್ತು. ೧೯ನೆಯ ಶತಮಾನದ ಕೊನೆಯಲ್ಲಿ ಬಂದ ಜಾಯಿಂಟ್‌ಲೆಸ್ ಎಂಬ ಮಾದರಿಯಲ್ಲಿ ಬೆರಳು ಹಿಡಿಯುವ ಜಾಗದಲ್ಲಿ ಆ ಸಂದು ಇಲ್ಲದಂತೆ ಮಾಡಲಾಯಿತು.

೧೯೧೦ರ ದಶಕದಲ್ಲಿ ಗುಂಡಿ ಒತ್ತಿ ಶಾಯಿ ತುಂಬುವ ವಿಧಾನ ಬಳಕೆಗೆ ಬಂತು. ಪೆನ್ನಿನ ಹಿಂತುದಿಯ ಸಣ್ಣ ಮುಚ್ಚಳ ತೆಗೆದು ಗುಂಡಿಯನ್ನು ಒತ್ತಿದರೆ, ಒಳಗಿನ ಲೋಹದ ಪಟ್ಟಿ ಬಾಗಿ ರಬ್ಬರ್ ಚೀಲವನ್ನು ಅಮುಕುತ್ತದೆ. ಗುಂಡಿಯನ್ನು ಬಿಟ್ಟಾಗ ಚೀಲ ಉಬ್ಬಿ, ಶಾಯಿಯಲ್ಲಿ ಅದ್ದಿದ ನಿಬ್ಬಿನ ಮೂಲಕ ಶಾಯಿಯನ್ನು ಹೀರಿಕೊಳ್ಳುತ್ತದೆ. ಇದರಿಂದ ಪಿಲ್ಲರಿನ ಅಗತ್ಯ ತಪ್ಪಿತು. ೧೯೧೬ರ ಸುಮಾರಿಗೆ ಮುಚ್ಚಳದ ತುದಿಯಲ್ಲಿ ಉಂಗುರದಂತೆ ಕೂರುವ ಕ್ಲಿಪ್ಪನ್ನು ಅಳವಡಿಸಲಾಯಿತು. ಪೆನ್ನು ಜೇಬಿನಲ್ಲಿ ನೆಟ್ಟಗೆ ನಿಲ್ಲುವುದು ಇದರಿಂದ ಖಚಿತವಾಯಿತು.

ಇದೇ ಅವಧಿಯಲ್ಲಿ ಸಂಸ್ಥೆಯು ಬೆಳ್ಳಿ ಮತ್ತು ಚಿನ್ನದ ಕುಸುರಿ ಹೊದಿಕೆಯ ಅಲಂಕಾರಿಕ ಪೆನ್ನುಗಳನ್ನೂ ತಯಾರಿಸಿತು. ಒಡಲಿಗೂ ಮುಚ್ಚಳಕ್ಕೂ ಹಾವು ಸುತ್ತಿಕೊಂಡಂತೆ ಕಾಣುವ, ಹಸಿರು ಕಣ್ಣಿನ ಹಾವಿನ ಮಾದರಿ ಇವುಗಳಲ್ಲಿ ಪ್ರಸಿದ್ಧವಾದದ್ದು.

## ವಿದೇಶ ವ್ಯಾಪಾರ ಮತ್ತು ಮೊದಲ ಮಹಾಯುದ್ಧ

ಊರೂರು ನೋಡಬೇಕೆಂಬ ತರುಣ ವಯಸ್ಸಿನ ಆಸೆಯನ್ನು ಪಾರ್ಕರ್ ಅವರು ವ್ಯಾಪಾರದ ಮೂಲಕ ಪೂರೈಸಿಕೊಂಡರು. ಅವರು ಹಡಗುಗಳಲ್ಲಿ ದೂರದ ದೇಶಗಳಿಗೆ ಪ್ರಯಾಣ ಮಾಡಿ ಪೆನ್ನಿನ ಮಾರಾಟಗಾರರನ್ನು ಸ್ವತಃ ಕಾಣುತ್ತಿದ್ದರು. ೧೯೦೩ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಸಂಸ್ಥೆಯ ಮೊದಲ ಸಾಗರೋತ್ತರ ಏಜೆನ್ಸಿ ಆರಂಭವಾಯಿತು. ಸಣ್ಣ ಪಟ್ಟಣವೊಂದರ ಕಾರ್ಖಾನೆಯು ಇಷ್ಟು ಬೇಗ ಹೊರದೇಶಗಳತ್ತ ಮುಖ ಮಾಡಿದ್ದು, ಮುಂದೆ ಪಾರ್ಕರ್ ಎಂಬ ಹೆಸರು ಅನೇಕ ಭಾಷೆಗಳಲ್ಲಿ ಮನೆಮಾತಾಗಲು ನೆರವಾಯಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಸಂಸ್ಥೆಯು ಸೈನಿಕರಿಗಾಗಿ ಟ್ರೆಂಚ್ ಪೆನ್, ಅಂದರೆ ಕಂದಕದ ಪೆನ್ನು, ಎಂಬ ಮಾದರಿಯನ್ನು ತಯಾರಿಸಿತು. ರಣರಂಗಕ್ಕೆ ಗಾಜಿನ ಶಾಯಿ ಬಾಟಲಿಯನ್ನು ಒಯ್ಯುವುದು ಕಷ್ಟ. ಆದ್ದರಿಂದ ಪೆನ್ನಿನ ಹಿಂತುದಿಯ ಪೊಳ್ಳಿನಲ್ಲಿ ಒಣ ಶಾಯಿಯ ಗುಳಿಗೆಗಳನ್ನು ಇಡಲಾಗುತ್ತಿತ್ತು. ಗುಳಿಗೆಯೊಂದನ್ನು ಒಡಲಿಗೆ ಹಾಕಿ ನೀರು ತುಂಬಿದರೆ ಶಾಯಿ ಸಿದ್ಧವಾಗುತ್ತಿತ್ತು. ಕಂದಕಗಳಲ್ಲಿದ್ದ ಸೈನಿಕರಿಗೆ ಮನೆಗೆ ಕಾಗದ ಬರೆಯಲು ಇದು ಒದಗಿಬಂತು. ಯುದ್ಧದ ಕಾಲದಲ್ಲಿ ಫೌಂಟನ್ ಪೆನ್ನಿನ ಬಳಕೆ ಜನಸಾಮಾನ್ಯರಲ್ಲಿಯೂ ವ್ಯಾಪಕವಾಯಿತು.

ಪಾರ್ಕರ್ ಅವರ ಪುತ್ರರಾದ ರಸೆಲ್ ಮತ್ತು ಕೆನೆತ್ ಇಬ್ಬರೂ ಸಂಸ್ಥೆಯನ್ನು ಸೇರಿದರು. ಹಿರಿಯರಾದ ರಸೆಲ್ ೧೯೧೪ರಲ್ಲಿ ಸೇರಿದರೆ, ಯುದ್ಧದಲ್ಲಿ ನೌಕಾದಳದ ವಿಮಾನ ಚಾಲಕರಾಗಿದ್ದ ಕೆನೆತ್ ೧೯೧೯ರಲ್ಲಿ ಸೇರಿದರು.

## ಡ್ಯುಯೊಫೋಲ್ಡ್

೧೯೨೦ರವರೆಗೆ ಫೌಂಟನ್ ಪೆನ್ನೆಂದರೆ ಸಾಮಾನ್ಯವಾಗಿ ಕಪ್ಪು ಬಣ್ಣದ ಗಟ್ಟಿ ರಬ್ಬರಿನ ವಸ್ತು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ ಪಾರ್ಕರ್ ಸಂಸ್ಥೆಯ ಮಾರಾಟ ವ್ಯವಸ್ಥಾಪಕರಾಗಿದ್ದ ಲೂಯಿಸ್ ಟೆಬೆಲ್ ಅವರು, ದೊಡ್ಡ ಗಾತ್ರದ ಕೆಂಪು ಪೆನ್ನೊಂದನ್ನು ತಯಾರಿಸಿ ಹೆಚ್ಚಿನ ಬೆಲೆಗೆ ಮಾರಬೇಕೆಂದು ಸಲಹೆ ಮಾಡಿದರು. ಈ ಸಲಹೆ ಜಾರ್ಜ್ ಪಾರ್ಕರ್ ಅವರಿಗೆ ಮೊದಲು ಹಿಡಿಸಲಿಲ್ಲ. ಪೆನ್ನಿನ ಒಳಗಿನ ಕೆಲಸದಲ್ಲಿ ಶ್ರೇಷ್ಠತೆಯನ್ನು ಕಾಣುತ್ತಿದ್ದ ಅವರಿಗೆ ಹೊರಗಿನ ಬಣ್ಣಕ್ಕಾಗಿ ಜನ ಅಷ್ಟು ಹಣ ಕೊಡುವರೆಂಬ ನಂಬಿಕೆ ಇರಲಿಲ್ಲ. ಟೆಬೆಲ್ ಪಟ್ಟುಬಿಡದೆ ಒತ್ತಾಯಿಸಿದಾಗ ಪ್ರಯೋಗಕ್ಕೆ ಒಪ್ಪಿಗೆ ದೊರೆಯಿತು.

೧೯೨೧ರಲ್ಲಿ ಕಿತ್ತಳೆ ಛಾಯೆಯ ಕೆಂಪು ಗಟ್ಟಿ ರಬ್ಬರಿನ, ತುದಿಗಳು ಕಪ್ಪಾಗಿದ್ದ ಡ್ಯುಯೊಫೋಲ್ಡ್ ಪೆನ್ನು ಮಾರುಕಟ್ಟೆಗೆ ಬಂತು. ಇದರ ಬೆಲೆ ೭ ಡಾಲರ್. ಆ ಕಾಲದ ಸಾಮಾನ್ಯ ಪೆನ್ನುಗಳ ಬೆಲೆಗಿಂತ ಬಹಳ ಹೆಚ್ಚು. ಪೆನ್ನಿಗೆ ೨೫ ವರ್ಷಗಳ ಭರವಸೆಯನ್ನೂ ನೀಡಲಾಯಿತು. ದೊಡ್ಡ ಕೆಂಪು ಎಂಬರ್ಥದ ಬಿಗ್ ರೆಡ್ ಎಂಬ ಅಡ್ಡಹೆಸರಿನಿಂದ ಅದು ಜನಪ್ರಿಯವಾಯಿತು. ಹಿಂದಿನ ವರ್ಷ ಅಯೋವಾದ ಷೇಫರ್ ಸಂಸ್ಥೆ ೮.೭೫ ಡಾಲರ್ ಬೆಲೆಯ ಲೈಫ್‌ಟೈಮ್ ಪೆನ್ನನ್ನು ಹೊರತಂದಿತ್ತು. ಈ ಎರಡು ಪೆನ್ನುಗಳ ಯಶಸ್ಸಿನಿಂದ, ಉತ್ತಮ ಪೆನ್ನಿಗೆ ಹೆಚ್ಚು ಹಣ ಕೊಡಲು ಜನ ಸಿದ್ಧರಿದ್ದಾರೆ ಎಂಬುದು ರುಜುವಾತಾಯಿತು.

೧೯೨೦ರ ದಶಕದ ಮಧ್ಯಭಾಗದಲ್ಲಿ ಗಟ್ಟಿ ರಬ್ಬರಿನ ಬದಲು ಸೆಲ್ಯುಲಾಯ್ಡ್ ಜಾತಿಯ ಪ್ಲಾಸ್ಟಿಕ್ ಬಳಕೆಗೆ ಬಂದಾಗ ಹಸಿರು, ನೀಲಿ, ಹಳದಿ ಬಣ್ಣಗಳ ಡ್ಯುಯೊಫೋಲ್ಡ್‌ಗಳೂ ತಯಾರಾದವು. ಬರೆಯುವ ಉಪಕರಣವೊಂದು ಬಣ್ಣದಿಂದಲೂ ರೂಪದಿಂದಲೂ ಮೆಚ್ಚಿ ಆರಿಸಿಕೊಳ್ಳುವ ವಸ್ತುವಾಯಿತು. ಪೆನ್ನನ್ನು ಕೇವಲ ಬಳಸದೆ ಅದರಲ್ಲಿ ಸಂತೋಷಪಡುವ ಹವ್ಯಾಸಕ್ಕೆ ಈ ಪೆನ್ನು ಮುಖ್ಯ ಪ್ರೇರಣೆಗಳಲ್ಲಿ ಒಂದು. ತಾವು ಮೊದಲು ಸಂದೇಹಿಸಿದ ಪೆನ್ನಿನಿಂದಲೇ ಪಾರ್ಕರ್ ಅವರ ಹೆಸರು ಹೆಚ್ಚು ಪ್ರಸಿದ್ಧವಾದದ್ದು ಗಮನಾರ್ಹ. ಇದೇ ದಶಕದ ಕೊನೆಯಲ್ಲಿ ಲಕಿ ಕರ್ವ್ ಎಂಬ ಹೆಸರನ್ನು ಸಂಸ್ಥೆ ಕೈಬಿಟ್ಟಿತು.

## ಕ್ವಿಂಕ್ ಮತ್ತು ವ್ಯಾಕ್ಯುಮ್ಯಾಟಿಕ್

೧೯೨೯ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ದುಬಾರಿ ಪೆನ್ನುಗಳ ಮಾರಾಟ ಕುಸಿಯಿತು. ಆದರೂ ಪಾರ್ಕರ್ ಸಂಸ್ಥೆ ಪ್ರಯೋಗಗಳನ್ನು ನಿಲ್ಲಿಸಲಿಲ್ಲ. ೧೯೩೧ರಲ್ಲಿ ಬೇಗ ಒಣಗುವ ಕ್ವಿಂಕ್ ಶಾಯಿ ಬಿಡುಗಡೆಯಾಯಿತು. ಬೇಗ ಮತ್ತು ಶಾಯಿ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಕೂಡಿಸಿ ಈ ಹೆಸರನ್ನು ರೂಪಿಸಲಾಗಿತ್ತು. ಬರೆದ ಮೇಲೆ ಒತ್ತುಕಾಗದ ಇಡುವ ಅಗತ್ಯವನ್ನು ಕಡಿಮೆ ಮಾಡಿದ ಈ ಶಾಯಿ ಇಂದಿಗೂ ಬಳಕೆಯಲ್ಲಿದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿದ್ದ ಆರ್ಥರ್ ಡಾಲ್‌ಬರ್ಗ್ ಅವರು ರಬ್ಬರ್ ಚೀಲವಿಲ್ಲದೆ ಶಾಯಿ ತುಂಬುವ ಹೊಸ ವಿಧಾನವೊಂದನ್ನು ಕಂಡುಹಿಡಿದಿದ್ದರು. ಪೆನ್ನಿನ ಹಿಂತುದಿಯ ಒತ್ತುಗುಂಡಿಯನ್ನು ಕೆಲವು ಸಲ ಒತ್ತಿದರೆ ಒಳಗಿನ ತೆಳು ರಬ್ಬರ್ ಪೊರೆ ಹಿಂದೆಮುಂದೆ ಸರಿದು ಶಾಯಿಯನ್ನು ನೇರವಾಗಿ ಒಡಲಿಗೆ ಎಳೆದುಕೊಳ್ಳುತ್ತದೆ. ಚೀಲ ಆಕ್ರಮಿಸುತ್ತಿದ್ದ ಜಾಗ ಉಳಿದುದರಿಂದ ಹೆಚ್ಚು ಶಾಯಿ ಹಿಡಿಯುತ್ತಿತ್ತು. ಪಾರ್ಕರ್ ಸಂಸ್ಥೆ ಇದನ್ನು ಅಭಿವೃದ್ಧಿಪಡಿಸಿ ೧೯೩೩ರಲ್ಲಿ ವ್ಯಾಕ್ಯುಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರಾಟ ಮಾಡಿತು. ಪಾರದರ್ಶಕ ಮತ್ತು ಬಣ್ಣದ ಪದರಗಳನ್ನು ಬಳೆಗಳಂತೆ ಜೋಡಿಸಿದ ಅದರ ಒಡಲಿನಿಂದ ಉಳಿದಿರುವ ಶಾಯಿಯನ್ನು ಹೊರಗಿನಿಂದಲೇ ನೋಡಬಹುದಾಗಿತ್ತು. ಸಂಸ್ಥೆಯ ಗುರುತಾಗಿ ಇಂದಿಗೂ ಉಳಿದಿರುವ ಬಾಣದ ಆಕಾರದ ಕ್ಲಿಪ್ ಬಂದದ್ದೂ ಈ ಪೆನ್ನಿನೊಂದಿಗೇ.

## ಕೊನೆಯ ವರ್ಷಗಳು ಮತ್ತು ನಿಧನ

ವ್ಯಾಕ್ಯುಮ್ಯಾಟಿಕ್ ಹೊರಬಂದ ೧೯೩೩ನೆಯ ವರ್ಷ ಪಾರ್ಕರ್ ಕುಟುಂಬಕ್ಕೆ ದುಃಖದ ವರ್ಷವೂ ಆಗಿತ್ತು. ಹಿರಿಯ ಮಗ ರಸೆಲ್ ಅದೇ ವರ್ಷ ತೀರಿಕೊಂಡರು. ಎಪ್ಪತ್ತರ ಅಂಚಿನಲ್ಲಿದ್ದ ತಂದೆಗೆ ಇದು ದೊಡ್ಡ ಆಘಾತ. ಸಂಸ್ಥೆಯ ಅಧ್ಯಕ್ಷತೆ ಕಿರಿಯ ಮಗ ಕೆನೆತ್ ಅವರ ಹೆಗಲಿಗೆ ಬಂತು.

ಜಾರ್ಜ್ ಪಾರ್ಕರ್ ಅವರು ೧೯೩೭ರ ಜುಲೈ ೧೯ರಂದು ಶಿಕಾಗೋ ನಗರದಲ್ಲಿ ನಿಧನರಾದರು. ಆಗ ಅವರಿಗೆ ೭೩ ವರ್ಷ ವಯಸ್ಸು. ತಂತಿ ವಿದ್ಯೆ ಕಲಿಯಲು ತಾವು ಬಂದಿದ್ದ ಜೇನ್ಸ್‌ವಿಲ್ ಪಟ್ಟಣದಲ್ಲಿಯೇ ಅವರ ಸಮಾಧಿಯಿದೆ.

## ನಂತರದ ಬೆಳವಣಿಗೆಗಳು

ಪಾರ್ಕರ್ ಸಂಸ್ಥೆಯ ಅತ್ಯಂತ ಪ್ರಸಿದ್ಧ ಪೆನ್ನಾದ ಪಾರ್ಕರ್ ೫೧ ಸ್ಥಾಪಕರ ಮರಣಾನಂತರ ಬಂದದ್ದು. ಸಂಸ್ಥೆಯ ೫೧ನೆಯ ವರ್ಷವಾದ ೧೯೩೯ರಲ್ಲಿ ಇದರ ರಚನೆ ಪೂರ್ಣಗೊಂಡುದರಿಂದ ಈ ಹೆಸರು ಬಂತು. ೧೯೪೧ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಪೆನ್ನಿನ ನಿಬ್ಬು ಬಹುತೇಕ ಮುಚ್ಚಿಕೊಂಡಿದ್ದು ತುದಿ ಮಾತ್ರ ಕಾಣುತ್ತದೆ. ಬೇಗ ಒಣಗುವ ಶಾಯಿ ನಿಬ್ಬಿನ ಮೇಲೆಯೇ ಒಣಗದಂತೆ ತಡೆಯಲು ಈ ರಚನೆ ಅನುಕೂಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೫ರ ಸೆಪ್ಟೆಂಬರ್ ೨ರಂದು ಜಪಾನಿನ ಶರಣಾಗತಿ ಪತ್ರಕ್ಕೆ ಸಹಿ ಹಾಕಲು ಜನರಲ್ ಡಗ್ಲಾಸ್ ಮೆಕಾರ್ಥರ್ ಬಳಸಿದ ಪೆನ್ನುಗಳಲ್ಲಿ ಅವರ ಪತ್ನಿಯ ಕೆಂಪು ಡ್ಯುಯೊಫೋಲ್ಡ್ ಒಂದಾಗಿತ್ತು.

ಬಾಲ್‌ಪಾಯಿಂಟ್ ಪೆನ್ನುಗಳು ಹರಡಿದ ಮೇಲೆ ಫೌಂಟನ್ ಪೆನ್ನಿನ ದಿನನಿತ್ಯದ ಬಳಕೆ ತಗ್ಗಿತು. ೧೯೮೦ರ ದಶಕದಲ್ಲಿ ಸಂಸ್ಥೆಯ ಕೇಂದ್ರ ಇಂಗ್ಲೆಂಡಿನ ನ್ಯೂಹೇವನ್‌ಗೆ ಬದಲಾಯಿತು. ೧೯೯೩ರಲ್ಲಿ ಜಿಲೆಟ್ ಕಂಪನಿಯೂ ೨೦೦೦ದಲ್ಲಿ ನ್ಯೂವೆಲ್ ಕಂಪನಿಯೂ ಅದನ್ನು ಕೊಂಡವು. ಜೇನ್ಸ್‌ವಿಲ್‌ನಲ್ಲಿಯೂ ನ್ಯೂಹೇವನ್‌ನಲ್ಲಿಯೂ ಪೆನ್ನಿನ ಕಾರ್ಖಾನೆಗಳು ಈಗ ಇಲ್ಲ. ಭಾರತದಲ್ಲಿ ೧೯೯೦ರ ದಶಕದಿಂದ ಲಕ್ಸರ್ ಸಂಸ್ಥೆಯ ಮೂಲಕ ಪಾರ್ಕರ್ ಪೆನ್ನುಗಳು ಮಾರಾಟವಾದವು. ಅದಕ್ಕೂ ಬಹಳ ಹಿಂದಿನಿಂದಲೇ ಹೊರದೇಶದಿಂದ ತಂದ ಪಾರ್ಕರ್ ಪೆನ್ನು ಕರ್ನಾಟಕವೂ ಸೇರಿದಂತೆ ದೇಶದ ಎಲ್ಲೆಡೆ ಗೌರವದ ಉಡುಗೊರೆಯೆನಿಸಿತ್ತು.

## ಸಂಗ್ರಾಹಕರ ದೃಷ್ಟಿಯಲ್ಲಿ

ಹಳೆಯ ಫೌಂಟನ್ ಪೆನ್ನುಗಳನ್ನು ಸಂಗ್ರಹಿಸಿ, ಸರಿಪಡಿಸಿ, ಅವುಗಳಿಂದ ಬರೆದು ಸಂತೋಷಪಡುವ ಹವ್ಯಾಸಿಗಳಿಗೆ ಪಾರ್ಕರ್ ಪೆನ್ನುಗಳು ಪ್ರಿಯವಾದವು. ಹಾವಿನ ಕುಸುರಿಯ ಪೆನ್ನು ಅತ್ಯಂತ ಬೆಲೆಬಾಳುವವುಗಳಲ್ಲಿ ಒಂದು. ತನ್ನ ಕಾಲದಲ್ಲಿ ಹೆಚ್ಚು ಮಾರಾಟವಾಗದ ಹಳದಿ ಡ್ಯುಯೊಫೋಲ್ಡ್, ಅಪರೂಪವಾದ ಕಾರಣದಿಂದಲೇ ಇಂದು ಬೇಡಿಕೆಯಲ್ಲಿದೆ. ವ್ಯಾಕ್ಯುಮ್ಯಾಟಿಕ್ ಮತ್ತು ಆರಂಭದ ೫೧ ಪೆನ್ನುಗಳ ಒಡಲಿನ ಮೇಲೆ ತಯಾರಿಕೆಯ ಕಾಲವನ್ನು ಸೂಚಿಸುವ ಅಂಕಿಗಳನ್ನು ಒತ್ತಿರುವುದರಿಂದ ಅವುಗಳ ವಯಸ್ಸನ್ನು ತಿಳಿಯುವುದು ಸುಲಭ.

ಈ ಪೆನ್ನುಗಳ ರಕ್ಷಣೆಗೆ ಕೆಲವು ಎಚ್ಚರಿಕೆಗಳು ಅಗತ್ಯ. ಗಟ್ಟಿ ರಬ್ಬರಿನ ಪೆನ್ನನ್ನು ನೀರಿನಲ್ಲಿ ನೆನೆಸಿದರೆ ಅಥವಾ ಬಿಸಿಲಿನಲ್ಲಿ ಇಟ್ಟರೆ ಬಣ್ಣ ಕೆಡುತ್ತದೆ. ಸೆಲ್ಯುಲಾಯ್ಡ್ ಸುಲಭವಾಗಿ ಬೆಂಕಿ ಹತ್ತುವ ವಸ್ತುವಾದ ಕಾರಣ ಅದನ್ನು ಶಾಖದಿಂದ ದೂರವಿಡಬೇಕು. ಡ್ಯುಯೊಫೋಲ್ಡ್‌ನ ರಬ್ಬರ್ ಚೀಲವೂ ವ್ಯಾಕ್ಯುಮ್ಯಾಟಿಕ್‌ನ ಪೊರೆಯೂ ಕಾಲಕ್ರಮದಲ್ಲಿ ಬಿರುಸಾಗಿ ಹಾಳಾಗುತ್ತವೆ. ಅವುಗಳನ್ನು ಬದಲಿಸಿದರೆ ಶತಮಾನದ ಹಿಂದಿನ ಪೆನ್ನು ಕೂಡ ಮತ್ತೆ ಬರೆಯುತ್ತದೆ. ಲಕಿ ಕರ್ವ್ ಪೆನ್ನುಗಳಲ್ಲಿ ನಾಲಿಗೆಯ ಬಾಗಿದ ಬಾಲ ಮುರಿದಿರುವುದು ಅಥವಾ ಹಿಂದಿನ ರಿಪೇರಿಗಳಲ್ಲಿ ಕತ್ತರಿಸಿರುವುದು ಸಾಮಾನ್ಯ. ಆದ್ದರಿಂದ ಬಾಲ ಪೂರ್ತಿಯಾಗಿ ಉಳಿದಿರುವ ಪೆನ್ನು ಸಂಗ್ರಾಹಕರಿಗೆ ಹೆಚ್ಚು ಮೌಲ್ಯದ್ದು.

## ಮಹತ್ವ

ಫೌಂಟನ್ ಪೆನ್ನನ್ನು ಮೊದಲು ಕಂಡುಹಿಡಿದವರು ಜಾರ್ಜ್ ಪಾರ್ಕರ್ ಅಲ್ಲ. ಈಗಾಗಲೇ ಇದ್ದ, ಆದರೆ ಭರವಸೆಯಿಲ್ಲದ ವಸ್ತುವೊಂದನ್ನು ಭರವಸೆಯ ವಸ್ತುವನ್ನಾಗಿ ಮಾಡಿದವರಲ್ಲಿ ಅವರು ಪ್ರಮುಖರು. ಯಾವುದೇ ಪೆನ್ನನ್ನು ಇನ್ನೂ ಉತ್ತಮವಾಗಿ ಮಾಡಲು ಸಾಧ್ಯ ಎಂಬ ನಿಲುವು ಅವರ ಸಂಸ್ಥೆಯ ಧೋರಣೆಯಾಗಿ ಉಳಿಯಿತು. ಅವರ ಕೆಲಸದ ಮೂಲದಲ್ಲಿದ್ದದ್ದು, ತಾನು ಮಾರಿದ ವಸ್ತುವಿಗೆ ತಾನೇ ಹೊಣೆ ಎಂಬ ಭಾವನೆ. ವಿದ್ಯಾರ್ಥಿಗಳ ಸೋರುವ ಪೆನ್ನುಗಳನ್ನು ಅವರು ಹಿಂದಕ್ಕೆ ಕಳುಹಿಸದೆ ಬಿಚ್ಚಿ ನೋಡಿದ್ದರಿಂದಲೇ ಲಕಿ ಕರ್ವ್ ಸಾಧ್ಯವಾಯಿತು. ಅವರ ಕಾಲದ ಪೆನ್ನೊಂದನ್ನು ಇಂದು ಬಿಚ್ಚಿ, ಶುಚಿಮಾಡಿ, ಮತ್ತೆ ಬರೆಯುವಂತೆ ಮಾಡುವ ಹವ್ಯಾಸಿಗಳು ನಡೆಸುತ್ತಿರುವುದು ಜೇನ್ಸ್‌ವಿಲ್‌ನ ತಂತಿ ಶಾಲೆಯಲ್ಲಿ ಆರಂಭವಾದ ಆ ಕೆಲಸವನ್ನೇ.